ಹಳೇ ಏರ್‌ಗನ್ ರಿಪೇರಿ: ನಮ್ಮೂರಿನ ತೇವದಲ್ಲಿ ಮರವನ್ನೂ ಕಬ್ಬಿಣವನ್ನೂ ಉಳಿಸಿಕೊಳ್ಳುವುದು ಹೇಗೆ

ನನ್ನ ಕೆಲಸದ ಮೇಜಿನ ಮೇಲೆ ಎರಡು ಏರ್‌ಗನ್ ಇವೆ. ಎರಡೂ ಜರ್ಮನಿಯ ಡಯಾನಾ 27. ಒಂದು ಶಿರಸಿ ಹತ್ತಿರದ ಅಜ್ಜನ ಮನೆಯದು. ಅಡುಗೆಮನೆ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಎಷ್ಟೋ ವರ್ಷ ಮಲಗಿತ್ತು. ಇನ್ನೊಂದು ಕಾರವಾರದ ಸೋದರಮಾವನದು. ಅಲೆಯ ಸದ್ದು ಕೇಳುವ ಮನೆಯಲ್ಲಿ, ಚರ್ಮದ ಚೀಲದೊಳಗೆ ಜೋಪಾನವಾಗಿತ್ತು. ಕೈಗೆ ಬಂದಾಗ ಅಜ್ಜನದು ಇದ್ದಿಲಿನ ಹಾಗೆ ಕಪ್ಪು. ಮಾವನದು ನೋಡಲು ಚೆಂದ. ಆದರೆ ಸ್ಕ್ರೂ ಬಿಚ್ಚಿ ಮರ ಬೇರೆ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಮಸಿಯ ಕೆಳಗೆ ಅಜ್ಜನ ಬಂದೂಕಿನ ಕಬ್ಬಿಣಕ್ಕೆ ಕಾರ್ಖಾನೆಯವರು ಕೊಟ್ಟ ನೀಲಿ ಇನ್ನೂ ಹಾಗೇ ಇತ್ತು. ಮಾವನದರ ಸಿಲಿಂಡರ್, ಅಂದರೆ ಸ್ಪ್ರಿಂಗ್ ಕೂರುವ ದಪ್ಪ ಕೊಳವೆ, ಮಾತ್ರ ಮರಕ್ಕೆ ತಾಗುವ ಕಡೆಯೆಲ್ಲ ತುಕ್ಕು ತಿಂದು ಹಲಸಿನ ಸಿಪ್ಪೆಯಂತೆ ಆಗಿತ್ತು.

ಅಟ್ಟ ಬೆಚ್ಚಗೆ, ಒಣಗಿರುತ್ತದೆ. ಕಡಲ ಗಾಳಿಯಲ್ಲಿ ಉಪ್ಪು, ಚರ್ಮದ ಚೀಲದಲ್ಲಿ ತೇವ. ಇಷ್ಟೇ ವ್ಯತ್ಯಾಸ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಘಟ್ಟದ ಮೇಲೆ ಉಪ್ಪು ಗಾಳಿ ಇಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಒಣ ಹವೆಯ ದೇಶದವರು ಬರೆದಿಟ್ಟ ವಿಧಾನವನ್ನು ಹಾಗೇ ಇಲ್ಲಿ ಮಾಡಿದರೆ ಕೆಲಸ ಕೆಡುತ್ತದೆ. ನನ್ನ ಮೊದಲ ಸ್ಟಾಕಿಗೆ, ಅಂದರೆ ಬಂದೂಕಿನ ಮರದ ಭಾಗಕ್ಕೆ, ಜೂನ್ ಕೊನೆಯಲ್ಲಿ ಎಣ್ಣೆ ಹಚ್ಚಿದ್ದೆ. ಮೂರು ವಾರವಾದರೂ ಅಂಟು ಹೋಗಲಿಲ್ಲ. ಆಮೇಲೆ ಅದರ ಮೇಲೆ ಬೂಸಲು ಬಂತು. ಎಲ್ಲ ಕೆರೆದು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಯುಗಾದಿಯೊಳಗೆ ಮುಗಿಸಿ.

ಕೈ ಹಾಕುವ ಮೊದಲು

ಕಾನೂನಿನ ಮಾತು ಮೊದಲು. 2016ರ ಆಯುಧ ನಿಯಮಗಳ ಪ್ರಕಾರ ಏರ್‌ಗನ್‌ಗೆ ಲೈಸೆನ್ಸ್ ಬೇಕೋ ಬೇಡವೋ ಎನ್ನುವುದಕ್ಕೆ ಎರಡು ಅಳತೆ ನೋಡುತ್ತಾರೆ. ನಳಿಗೆಯ ಬೋರ್, ಅಂದರೆ ಒಳ ಅಗಲ, 4.5 ಮಿ.ಮೀ. (.177 ಇಂಚು). ಶಕ್ತಿ 20 ಜೂಲ್. ಇವುಗಳ ಒಳಗಿರುವ ಬಂದೂಕಿಗೆ ಲೈಸೆನ್ಸ್ ಬೇಡ. ಡಯಾನಾ 27 ಎರಡು ಬೋರ್‌ಗಳಲ್ಲಿ ಬರುತ್ತಿತ್ತು, 4.5 ಮತ್ತು 5.5 ಮಿ.ಮೀ. ನಿಮ್ಮದು 5.5 ಆಗಿದ್ದರೆ ಸ್ಕ್ರೂ ಬಿಚ್ಚುವ ಮೊದಲು ಊರಿನ ಠಾಣೆಯಲ್ಲಿ ಕೇಳಿಕೊಳ್ಳಿ. ರಿಪೇರಿಯಾದ ಬಂದೂಕನ್ನು ಗುರಿ ಹಲಗೆಗೆ ಮಾತ್ರ ಹಿಡಿಯಿರಿ. ಅಡಿಕೆ ತೋಟಕ್ಕೆ ಮಂಗ ಬಂದಾಗಿನ ಸಂಕಟ ನನಗೂ ಗೊತ್ತು. ಆದರೆ ಛರ್ರೆ, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ತಾಗಿದ ಮಂಗ ಕೂಡಲೇ ಸಾಯುವುದಿಲ್ಲ. ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧವೂ ಹೌದು.

ಇನ್ನು ಸುರಕ್ಷೆ. ಸ್ಪ್ರಿಂಗ್ ಬಂದೂಕಿನಲ್ಲಿ ಮದ್ದಿಲ್ಲ. ನಳಿಗೆ ಮಡಚಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಪೆಲೆಟ್ಟನ್ನು, ಅಂದರೆ ಛರ್ರೆಯನ್ನು, ತಳ್ಳುತ್ತದೆ. ಅಟ್ಟದಿಂದ ತೆಗೆದ ಬಂದೂಕು ಕಾಕ್ ಆಗಿಯೇ, ಅಂದರೆ ಸ್ಪ್ರಿಂಗ್ ಅದುಮಿಕೊಂಡೇ, ಇರಬಹುದು. ನೋಡುವುದು ಸುಲಭ. ನಳಿಗೆಯನ್ನು ಗಟ್ಟಿಯಾಗಿ ಹಿಡಿದು ಮೆಲ್ಲಗೆ ಮಡಚಿ. ಸ್ಪ್ರಿಂಗಿನ ಬಿಗಿ ಏನೂ ಸಿಗದೆ ಸಡಿಲವಾಗಿ ಮಡಚಿದರೆ ಕಾಕ್ ಆಗಿದೆ ಎಂದೇ ತಿಳಿಯಿರಿ. ಆಗ ಪೆಲೆಟ್ ಹಾಕಿ, ನಳಿಗೆ ಮುಚ್ಚಿ, ಮರಳು ತುಂಬಿದ ಚೀಲಕ್ಕೆ ಹೊಡೆದು ಖಾಲಿ ಮಾಡಿ. ನಳಿಗೆ ಮಡಚಿ ಇಟ್ಟುಕೊಂಡು ಟ್ರಿಗರ್ ಎಳೆಯಲೇಬೇಡಿ. ನಳಿಗೆ ಪಟ್ಟನೆ ಮುಚ್ಚಿಕೊಳ್ಳುತ್ತದೆ, ಬೆರಳು ಹೋಗುತ್ತದೆ, ನಳಿಗೆಯೂ ಬಾಗುತ್ತದೆ. ಪೆಲೆಟ್ ಇಲ್ಲದೆ ಹೊಡೆಯುವುದೂ ಬೇಡ. ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಹೋಗಿ ಲೋಹಕ್ಕೆ ಬಡಿಯುತ್ತದೆ. ಎಷ್ಟೋ ಸ್ಟಾಕು ಸೀಳಿದ್ದು ಇದೇ ಏಟಿಗೆ.

ಬಿಚ್ಚುವುದು

ಮುಂದಿನ ಹಿಡಿಯ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ ಇರುತ್ತವೆ. ಟ್ರಿಗರ್ ಗಾರ್ಡಿನಲ್ಲಿ ಒಂದೋ ಎರಡೋ. ಇಷ್ಟು ತೆಗೆದರೆ ಮರ ಬೇರೆ, ಲೋಹ ಬೇರೆ. ಕೇಳಲು ಸುಲಭ. ಆದರೆ ಜಾಸ್ತಿ ಬಂದೂಕು ಕೆಡುವುದು ಇಲ್ಲೇ. ಹಳೇ ಸ್ಕ್ರೂವಿನ ಸೀಳು ಕಿರಿದಾಗಿ, ಎರಡೂ ಬದಿ ನೇರವಾಗಿರುತ್ತದೆ. ಪೇಟೆಯ ಸ್ಕ್ರೂಡ್ರೈವರ್ ತುದಿ ಇಳಿಜಾರು. ತಿರುಗಿಸಿದರೆ ಜಾರಿ ಸೀಳಿನ ಅಂಚು ಕಿತ್ತು ಬರುತ್ತದೆ. ಒಂದು ಹಳೇ ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ, ಸೀಳಿನಲ್ಲಿ ಅಲುಗದೆ ಕೂರುವ ಹಾಗೆ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ, ಆಮೇಲೆ ಜೀವನ ಪೂರ್ತಿ ಬರುತ್ತದೆ.

ತುಕ್ಕಿಗೆ ಹಿಡಿದುಕೊಂಡ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಕಾಯಿರಿ. ಬರದಿದ್ದರೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಸ್ಕ್ರೂ ತಲೆಯ ಮೇಲೆ ಎರಡು ನಿಮಿಷ ಇಡಿ. ಆರಲಿ, ಮತ್ತೆ ಎಣ್ಣೆ ಬಿಡಿ. ಮಾವನ ಬಂದೂಕಿನ ಒಂದು ಸ್ಕ್ರೂಗೆ ನಾಲ್ಕು ದಿನ ಹೀಗೆ ಮಾಡಿದೆ. ಐದನೇ ದಿನ ಬೆಣ್ಣೆಯಂತೆ ಬಂತು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಯಾವುದು ಎಲ್ಲಿಯದು ಎಂದು ಬರೆದಿಡಿ.

ಸಿಲಿಂಡರಿನ ಹಿಂದಿನ ತುದಿ ಹತ್ತಿರ ಸಣ್ಣ ಅಂಕಿಗಳಿವೆಯೇ ನೋಡಿ. ಎರಡನೇ ಮಹಾಯುದ್ಧದ ನಂತರದ ಡಯಾನಾಗಳಲ್ಲಿ ತಯಾರಾದ ತಿಂಗಳು, ವರ್ಷ ಅಲ್ಲಿ ಒತ್ತಿರುತ್ತಾರೆ. ಮೇಲೆ ಡಯಾನಾ ದೇವಿಯ ಮುದ್ರೆ ಇರುತ್ತದೆ. ಬಂದೂಕು ಮೇಲೆತ್ತಿ, ಹಳೇ ಬಿಲ್ಲನ್ನು ಬಿಸಾಡುತ್ತಿರುವ ಬೇಟೆಗಾತಿ. ಈ ಗುರುತುಗಳ ಮೇಲೆ ಉಜ್ಜುಕಾಗದ ತಾಗಕೂಡದು. ಒಮ್ಮೆ ಅಳಿಸಿದರೆ ಬಂದೂಕಿನ ಜಾತಕವೇ ಹೋದ ಹಾಗೆ.

ಮೊದಲು ತೊಳೆದು ನೋಡಿ

ಎಲ್ಲರೂ ನೇರ ಪಾಲಿಶ್ ಕೆರೆಯಲು ಕೂರುತ್ತಾರೆ. ಬೇಡ. ಹತ್ತಿ ಬಟ್ಟೆಗೆ ಟರ್ಪಂಟೈನ್ ಹಾಕಿ ಪೂರ್ತಿ ಒರೆಸಿ. ಅಜ್ಜನ ಸ್ಟಾಕಿಗೆ ಹೀಗೆ ಒರೆಸಿದಾಗ ಮೊದಲ ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು, ಎರಡನೆಯದು ಕಂದು. ಐದನೆಯ ಬಟ್ಟೆಗೆ ಮರದ ಎಳೆ ಕಂಡಿತು. ಈ ಸ್ಟಾಕು ಬೀಚ್ ಎಂಬ ಯುರೋಪಿನ ಮರದ್ದು. ಅದರಲ್ಲಿ ಎಳ್ಳು ಉದುರಿದಂತೆ ಸಣ್ಣ ಸಣ್ಣ ಚುಕ್ಕೆ ಗೆರೆಗಳಿರುತ್ತವೆ. ಅವು ಕಂಡ ಕೂಡಲೇ ನಿಲ್ಲಿಸಿದೆ. ಹಳೇ ಪಾಲಿಶ್ ಕೆಳಗೆ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಮೇಣ ಮಾತ್ರ ಹಚ್ಚಿದೆ. ನೂರಕ್ಕೆ ಎಪ್ಪತ್ತು ಪಾಲು ಪಾಲಿಶ್ ಉಳಿದಿದ್ದರೆ ಅದನ್ನು ಕೀಳಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಜ್ಜನ ಕೆನ್ನೆ ತಾಗಿ ಸವೆದ ಜಾಗವನ್ನು ಮತ್ತೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಮಾವನ ಸ್ಟಾಕು ಹಾಗಲ್ಲ. ಯಾರೋ ಮನೆ ಬಾಗಿಲಿಗೆ ಹಚ್ಚುವ ವಾರ್ನಿಶ್ ಬಳಿದಿದ್ದರು. ಅದು ಅಲ್ಲಲ್ಲಿ ಎದ್ದು, ಕೆಳಗೆ ನೀರು ಸೇರಿ ಬೆಳ್ಳಗಾಗಿತ್ತು. ಅಂಥದ್ದನ್ನು ತೆಗೆಯಲೇಬೇಕು. ಈ ಬರಹದ ಉಳಿದ ಭಾಗ ಅಂಥ ಸ್ಟಾಕಿಗೆ.

ಹಳೇ ಪಾಲಿಶ್ ತೆಗೆಯುವುದು

ಮೇಲಿರುವುದು ಏನು ಎಂದು ಪರೀಕ್ಷೆ ಮಾಡಿ. ಹೆಗಲಿಗೆ ಒತ್ತುವ ತುದಿಯ ಹತ್ತಿರ, ಕಾಣದ ಮೂಲೆಯಲ್ಲಿ, ಪಾಲಿಶ್ ಮಾಡುವ ಸ್ಪಿರಿಟ್ ಎರಡು ಹನಿ ಇಟ್ಟು ಬೆರಳಿನಿಂದ ಉಜ್ಜಿ. ಅಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ ಬಟ್ಟೆಯಲ್ಲೇ ಪೂರ್ತಿ ಬಿಟ್ಟು ಬರುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್ ಅಥವಾ ಪಾಲಿಯುರೆಥೇನ್. ಅದಕ್ಕೆ ಪೇಂಟ್ ರಿಮೂವರ್ ಬೇಕು. ಅಂಗಳದಲ್ಲಿ, ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡು ಹಚ್ಚಿ. ಸುಕ್ಕುಗಟ್ಟಿ ಎದ್ದ ಮೇಲೆ ಮರದ ಚಕ್ಕೆಯಿಂದ ಕೆರೆಯಿರಿ. ಉಳಿದದ್ದಕ್ಕೆ ನಮ್ಮ ಬಡಗಿಗಳ ಹಳೇ ಉಪಾಯ ಒಳ್ಳೆಯದು: ಒಡೆದ ಗಾಜಿನ ಚೂರು. ನೇರ ಅಂಚಿನ ಚೂರನ್ನು ಸ್ವಲ್ಪ ಓರೆ ಹಿಡಿದು ಎಳೆಯ ಉದ್ದಕ್ಕೆ ಎಳೆದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪಾಲಿಶ್ ಮಾತ್ರ ಬರುತ್ತದೆ. ದಪ್ಪ ಕೈಗವಸು ಇಲ್ಲದೆ ಮಾತ್ರ ಮಾಡಬೇಡಿ.

ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಬರುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬರುವುದು ನಿಜ, ಆದರೆ ಮರ ಕಪ್ಪಾಗಿ ಎಳೆ ಸಡಿಲವಾಗುತ್ತದೆ.

ಪಾಲಿಶ್ ಹೋದ ಮೇಲೆ ಎರಡು ಬಗೆಯ ಕಪ್ಪು ಕಾಣುತ್ತದೆ. ಎರಡೂ ಬೇರೆ ಬೇರೆ, ಮದ್ದೂ ಬೇರೆ. ಸಿಲಿಂಡರ್ ಕೂರಲು ಮರದಲ್ಲಿ ತೋಡಿದ ಗಾಡಿಯ ಸುತ್ತ, ಟ್ರಿಗರ್ ಹಿಂದೆ ಕೈ ಹಿಡಿಯುವ ಕುತ್ತಿಗೆಯ ಹತ್ತಿರ ಹರಡಿದ ಕಪ್ಪು ಎಣ್ಣೆಯದು. ವರ್ಷಗಟ್ಟಲೆ ಲೋಹಕ್ಕೆ ಹಾಕಿದ ಎಣ್ಣೆಯನ್ನು ಮರ ಕುಡಿದಿರುತ್ತದೆ. ಇದಕ್ಕೆ ಚಾಕ್ ಪುಡಿಯನ್ನು ಅಸಿಟೋನಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಮೆತ್ತಿ. ಬೆಂಕಿ ಹತ್ತಿರ ಇರಬಾರದು. ಒಣಗುತ್ತಾ ಎಣ್ಣೆಯನ್ನು ಎಳೆದುಕೊಂಡು ಪುಡಿ ಹಳದಿಯಾಗುತ್ತದೆ. ಉದುರಿಸಿ ಮತ್ತೆ ಮೆತ್ತಿ. ನಾಲ್ಕು, ಐದು ಸಲ ಬೇಕಾದೀತು. ಚಾಕ್ ಸಿಗದಿದ್ದರೆ ಮುಲ್ತಾನಿ ಮಿಟ್ಟಿ ಆಗುತ್ತದೆ. ಸುಣ್ಣ ಮಾತ್ರ ಬೇಡ, ಮರದ ಬಣ್ಣ ಕೆಡಿಸುತ್ತದೆ.

ಸ್ಕ್ರೂ ತೂತಿನ ಸುತ್ತ ಇರುವ ನೀಲಿ ಕಪ್ಪು ಕಲೆ ಕಬ್ಬಿಣದ್ದು. ಮರದ ಚೊಗರಿಗೆ ತುಕ್ಕು ಸೇರಿದರೆ ಈ ಬಣ್ಣ. ಆಕ್ಸಾಲಿಕ್ ಆಸಿಡ್ ಒಂದು ಚಮಚವನ್ನು ಒಂದು ಲೋಟ ಬಿಸಿ ನೀರಿನಲ್ಲಿ ಕರಗಿಸಿ, ಬ್ರಷ್‌ನಿಂದ ಕಲೆಯ ಮೇಲೆ ಹಚ್ಚಿ. ಕಣ್ಣೆದುರೇ ಕಪ್ಪು ಕರಗುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ ತೆಗೆಯಿರಿ. ಇದು ವಿಷ. ಅಡುಗೆಮನೆಯ ಲೋಟ, ಚಮಚ ಬಳಸಬೇಡಿ. ಒಣಗಿದ ಮೇಲೆ ಉಜ್ಜುವಾಗ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ತಗ್ಗು, ಬಿರುಕು

ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟ ತಗ್ಗು ಏಳಿಸುವುದು. ಮಾವನ ಸ್ಟಾಕಿನ ಬಲಗಡೆ, ಬಾಗಿಲಿಗೆ ಬಡಿದು ಆದ ತಗ್ಗೊಂದಿತ್ತು. ಹುಣಸೆ ಬೀಜ ಕೂರುವಷ್ಟು. ಒಂದು ಹನಿ ನೀರು ಅದರೊಳಗೆ ಬಿಟ್ಟೆ. ಐದು ನಿಮಿಷಕ್ಕೆ ಮರ ಕುಡಿಯಿತು. ಮತ್ತೊಂದು ಹನಿ. ಆಮೇಲೆ ಹಳೇ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ನಾಲ್ಕು ಮಡಿಕೆ ಮಾಡಿ ತಗ್ಗಿನ ಮೇಲಿಟ್ಟೆ. ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಅದರ ಮೇಲೆ ಒತ್ತಿದೆ. ಸುಸ್ ಎಂದು ಹಬೆ ಎದ್ದಿತು. ಹತ್ತು ಸೆಕೆಂಡ್ ಇಟ್ಟು ತೆಗೆದು, ಓರೆ ಬೆಳಕಲ್ಲಿ ನೋಡಿದೆ. ಅರ್ಧ ಎದ್ದಿತ್ತು. ಮೂರನೇ ಸಲಕ್ಕೆ ಬೆರಳು ಆಡಿಸಿದರೂ ಗೊತ್ತಾಗದಷ್ಟು ಸಮ. ಅದುಮಿಹೋದ ಎಳೆಗಳು ಬಿಸಿ ಹಬೆಗೆ ಉಬ್ಬಿ ತಮ್ಮ ಜಾಗಕ್ಕೆ ಬರುತ್ತವೆ. ಎಳೆ ತುಂಡಾಗಿದ್ದರೆ ಮಾತ್ರ ಏಳುವುದಿಲ್ಲ. ಅಂಥ ಕಡೆ ಅದೇ ಸ್ಟಾಕಿನ ಒಳಭಾಗದಿಂದ ಕೆರೆದ ಪುಡಿಯನ್ನು ಅರಾಲ್ಡೈಟ್ ಅಂಟಿಗೆ ಕಲಸಿ ತುಂಬಿ. ಮುದ್ರೆ ಅಥವಾ ಚೌಕುಳಿ ಕೆತ್ತನೆ ಇರುವ ಕಡೆ ಹಬೆ ಬೇಡ. ಅವೂ ಉಬ್ಬಿ ಅಳಿಸಿಹೋಗುತ್ತವೆ.

ಬಿರುಕು ಸಾಮಾನ್ಯವಾಗಿ ಕುತ್ತಿಗೆಯಲ್ಲಿ, ಇಲ್ಲವೇ ಮುಂದಿನ ಸ್ಕ್ರೂ ತೂತಿನಿಂದ ಶುರು. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಹಾಗಾಗಿ ಚಾಕಿನ ಕೆಲಸ ಮುಗಿಸಿಯೇ ಇದಕ್ಕೆ ಬನ್ನಿ. ಬಿರುಕನ್ನು ಸ್ವಲ್ಪ ಅಗಲಿಸಿ, ಅಸಿಟೋನಿನಿಂದ ಒಳಗೆ ತೊಳೆದು ಒಣಗಿಸಿ. ಅರಾಲ್ಡೈಟ್ ಕಲಸಿ ಬಿರುಕಿನ ಮೇಲಿಟ್ಟು, ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡಿ. ಅಂಟು ನೀರಾಗಿ ತಾನೇ ಒಳಗೆ ಇಳಿಯುತ್ತದೆ. ಆಮೇಲೆ ಸೈಕಲ್ ಟ್ಯೂಬನ್ನು ಉದ್ದುದ್ದ ಸೀಳಿ, ಎಳೆದು ಎಳೆದು ಬಿಗಿಯಾಗಿ ಸುತ್ತಿ. ಸ್ಟಾಕಿನಂಥ ವಕ್ರ ಆಕಾರಕ್ಕೆ ಯಾವ ಕ್ಲಾಂಪೂ ಇಷ್ಟು ಚೆನ್ನಾಗಿ ಕೂರುವುದಿಲ್ಲ. 24 ಗಂಟೆ ಮುಟ್ಟಬೇಡಿ.

ಮರದಲ್ಲಿ ಸೂಜಿ ತೂತುಗಳಿದ್ದು, ತಟ್ಟಿದರೆ ಹಿಟ್ಟು ಉದುರಿದರೆ ಕುಟ್ಟೆ ಹಿಡಿದಿದೆ ಎಂದರ್ಥ. ಮರಕ್ಕೆ ಹಾಕುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವಾರ ಇಡಿ. ಕುತ್ತಿಗೆಯೇ ಟೊಳ್ಳಾಗಿದ್ದರೆ ಆ ಬಂದೂಕನ್ನು ಹೊಡೆಯಲು ಬಳಸಬೇಡಿ. ಹೊಸ ಸ್ಟಾಕು ಮಾಡಿಸುವುದೇ ಸರಿ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಗುಡಿಗಾರರ ಮನೆತನಗಳಿವೆ. ಗಂಧ, ಶಿವನೆ ಮರದಲ್ಲಿ ತಲೆಮಾರುಗಳಿಂದ ಕೆತ್ತಿದವರು. ಹಳೇ ಸ್ಟಾಕನ್ನೇ ಮಾದರಿಗೆ ಕೊಟ್ಟರೆ ಸಾಕು. ಮರ ಸಾಗುವಾನಿಯೋ ಬೀಟೆಯೋ ಆದರೆ ಡಿಪೋ ರಸೀದಿ ಇರುವುದನ್ನೇ ತನ್ನಿ, ಅಥವಾ ಹಳೇ ಮನೆ ಕಿತ್ತ ಬಾಗಿಲ ಚೌಕಟ್ಟಿನದು.

ಉಜ್ಜುವುದು, ಬಣ್ಣ

120, 180, 240, 320. ಈ ಕ್ರಮದಲ್ಲಿ ಉಜ್ಜುಕಾಗದ. ಗಾಜಿನ ಕೆಲಸ ಚೆನ್ನಾಗಿ ಆಗಿದ್ದರೆ 180ರಿಂದಲೇ ಶುರು ಮಾಡಬಹುದು. ಯಾವಾಗಲೂ ಎಳೆಯ ಉದ್ದಕ್ಕೆ. ಕಾಗದವನ್ನು ಬೆರಳಲ್ಲಿ ಹಿಡಿದರೆ ತಗ್ಗು ದಿಣ್ಣೆ ಆಗುತ್ತದೆ. ಹಳೇ ಹವಾಯಿ ಚಪ್ಪಲಿಯ ತುಂಡಿಗೆ ಸುತ್ತಿಕೊಳ್ಳಿ, ಉಬ್ಬಿಗೂ ತಗ್ಗಿಗೂ ಅದು ಬಾಗುತ್ತದೆ. ಲೋಹ ಕೂರುವ ಅಂಚುಗಳಲ್ಲಿ ಮಾತ್ರ ಗಟ್ಟಿ ಮರದ ತುಂಡೇ ಇರಲಿ. ಆ ಅಂಚು ಗುಂಡಗಾದರೆ ಜೋಡಿಸಿದ ಮೇಲೆ ಲೋಹಕ್ಕೂ ಮರಕ್ಕೂ ನಡುವೆ ಸಂದು ಕಾಣುತ್ತದೆ. ಅದನ್ನು ಸರಿ ಮಾಡುವ ದಾರಿ ಇಲ್ಲ.

240 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮರ ಬೆಕ್ಕಿನ ನಾಲಿಗೆಯಂತೆ ತರಿತರಿ ಆಗುತ್ತದೆ. ಎದ್ದ ಎಳೆಗಳನ್ನು 320ರಿಂದ ಹಗುರವಾಗಿ ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಮುಂದೆ ಮಳೆಗಾಲದ ತೇವಕ್ಕೆ ಎಳೆ ಎದ್ದು ಒರಟಾಗುವುದಿಲ್ಲ. ನಮ್ಮ ಕಡೆಯವರು ಬಿಡಲೇಬಾರದ ಹಂತ ಇದು.

ಬೀಚ್ ಮರ ಹಾಗೇ ಬಿಟ್ಟರೆ ಪೇಲವ. ಕಾರ್ಖಾನೆಯಲ್ಲಿ ಅದಕ್ಕೆ ಕಂದು ಬಣ್ಣ ಕೊಟ್ಟಿರುತ್ತಾರೆ. ಅಂಗಡಿಯ ಸ್ಟೇನ್ ಹಚ್ಚಬಹುದು. ನಾನು ಹಚ್ಚುವುದು ಅಡಿಕೆ ಚೊಗರು. ನಮ್ಮ ಶಿರಸಿ ಕಡೆ ಕೆಂಪಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸ. ಕೊಯ್ಲಿನ ಕಾಲವೂ ಈ ಕೆಲಸದ ಕಾಲವೂ ಒಂದೇ. ಒಂದು ಪಾಲು ಚೊಗರಿಗೆ ನಾಲ್ಕು ಪಾಲು ಬಿಸಿ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ಹತ್ತಿಯಿಂದ ಉದ್ದಕ್ಕೆ ಹಚ್ಚಿ. ಒಣಗಿದ ಮೇಲೆ ಇನ್ನೊಂದು ಸಲ. ಒಣಗಿದಾಗ ಮಂಕಾಗಿ ಕಾಣುತ್ತದೆ, ಹೆದರಬೇಡಿ. ಎಣ್ಣೆ ಬಿದ್ದ ಕೂಡಲೇ ಒಳಗಿನ ಕೆಂಪು ಎದ್ದು ಬರುತ್ತದೆ. ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಒಂದು ಎಚ್ಚರ: ಕಬ್ಬಿಣದ ಪಾತ್ರೆ, ಸ್ಟೀಲ್ ಉಲ್ಲನ್ (ಉಜ್ಜುವ ಉಕ್ಕಿನ ನಾರು) ಹತ್ತಿರ ತರಬೇಡಿ. ಉಲ್ಲನ್ನಿನ ಒಂದು ಎಳೆ ಒದ್ದೆ ಮರದಲ್ಲಿ ಉಳಿದರೂ ಚೊಗರಿಗೆ ಸೇರಿ ಶಾಯಿಯಂತೆ ಕಪ್ಪು ಚುಕ್ಕೆ ಆಗುತ್ತದೆ. ಮೇಲೆ ಹೇಳಿದ ಸ್ಕ್ರೂ ಕಲೆಯ ಕಥೆಯೇ ಇದು.

ಎಣ್ಣೆ

ಯಾವ ಎಣ್ಣೆ? ಮನೆಯಲ್ಲಿ ತೆಂಗಿನೆಣ್ಣೆ ಇದೆ, ಅದನ್ನೇ ಹಚ್ಚೋಣ ಎಂದು ಬಹಳ ಜನ ಹಚ್ಚುತ್ತಾರೆ. ತೆಂಗಿನೆಣ್ಣೆ ಎಂದೂ ಒಣಗುವುದಿಲ್ಲ. ಧೂಳು ಹಿಡಿದು, ಕಮಟು ವಾಸನೆ ಬಂದು, ಬೂಸಲಿಗೆ ಊಟವಾಗುತ್ತದೆ. ದೋಣಿಗೆ ಬಳಿಯುವ ಗೇರೆಣ್ಣೆ ಮರವನ್ನು ಹುಳದಿಂದ ಕಾಯುವುದು ನಿಜ. ಆದರೆ ಅದು ಚರ್ಮ ಸುಡುತ್ತದೆ. ಕೆನ್ನೆ ತಾಗುವ ಜಾಗಕ್ಕೆ ಅದನ್ನು ಯೋಚಿಸಲೇಬಾರದು. ಬೇಕಾದದ್ದು ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಎಂದು ಕೇಳಿ. ಅಡುಗೆಯ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಅಗಸೆ ಎಣ್ಣೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತಂಪು, ತೇವದ ಹವೆಯಲ್ಲಿ ಆ ಕೆಲಸ ನಿಧಾನ. ನನ್ನ ಜೂನ್ ತಿಂಗಳ ಸ್ಟಾಕು ಅಂಟಾಗಿಯೇ ಉಳಿದದ್ದು ಇದಕ್ಕೇ.

ಮೊದಲ ಕೋಟು: ಅರ್ಧ ಎಣ್ಣೆ, ಅರ್ಧ ಟರ್ಪಂಟೈನ್. ಹೊರಗೆ ಮಾತ್ರ ಅಲ್ಲ, ಲೋಹ ಕೂರುವ ಗಾಡಿಯೊಳಗೆ, ಸ್ಕ್ರೂ ತೂತಿನೊಳಗೆ, ಹೆಗಲ ತುದಿಯ ಪ್ಲೇಟಿನ ಕೆಳಗೆ ಎಲ್ಲ ಕಡೆ. ಮರ ನೀರು ಕುಡಿಯುವುದು ಕಡಿದ ತುದಿಯಿಂದಲೇ ಜಾಸ್ತಿ. ಕಾರ್ಖಾನೆಯವರೂ ಒಳಗೆ ಹಾಗೇ ಬಿಟ್ಟಿರುತ್ತಾರೆ. ಮಾವನ ಬಂದೂಕಿನ ಸಿಲಿಂಡರನ್ನು ತುಕ್ಕು ತಿಂದದ್ದು ಈ ಬರಿ ಮರದಲ್ಲಿ ನಿಂತ ತೇವ. ಹೊರಗಿನ ಹೊಳಪಿಗಿಂತ ಒಳಗಿನ ಈ ಒಂದು ಕೋಟು ಮುಖ್ಯ.

ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ನನಗೆ ಇದನ್ನು ಕಲಿಸಿದವರು ಶಿರಸಿಯ ಒಬ್ಬ ಹಿರಿಯ ಗುಡಿಗಾರರು. ನಾನು ಹೊಳೆಯಲಿ ಎಂದು ದಪ್ಪಗೆ ಬಿಟ್ಟಿದ್ದೆ. ಅವರು ಹೆಬ್ಬೆರಳು ಒತ್ತಿ, ಬಿದ್ದ ಗುರುತು ತೋರಿಸಿದರು. “ತಮಾ, ಮರಕ್ಕೆ ಬೇಕಾದಷ್ಟು ಅದೇ ಕುಡೀತದೆ. ಉಳಿದದ್ದು ನಿನ್ನದಲ್ಲ, ಒರೆಸಿಬಿಡು” ಎಂದರು. ಎರಡನೇ ಕೋಟಿನಿಂದ ಟರ್ಪಂಟೈನ್ ಬೇಡ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಕೈ ಬಿಸಿಯಾಗುವವರೆಗೆ ಮರವನ್ನು ತಿಕ್ಕಿ, ಮತ್ತೆ ಒರೆಸಿ. ಜನವರಿಯ ಒಣ ಹವೆಯಲ್ಲಿ ಒಂದು ದಿನ ಬಿಟ್ಟು ಮುಂದಿನದು. ಕಾರವಾರದಂಥ ಕಡೆ ಎರಡು ಮೂರು ದಿನ ಬಿಡಿ. ಒಣಗಿದೆಯೇ ಎಂದು ತಿಳಿಯಲು ಬೆರಳಿನ ಹಿಂಬದಿ ತಾಗಿಸಿ. ಅಂಟು, ತಣುಪು ಎರಡೂ ಇಲ್ಲದಿದ್ದರೆ ಆಯಿತು. ಆರು ಕೋಟು ಕನಿಷ್ಠ, ಹತ್ತಾದರೆ ಚೆಂದ. ಅಂಟು ಉಳಿದುಬಿಟ್ಟರೆ ಟರ್ಪಂಟೈನ್ ಬಟ್ಟೆಯಿಂದ ತಿಕ್ಕಿ ತೆಗೆದು ಮುಂದುವರಿಸಿ, ಮೇಲೆ ಇನ್ನೊಂದು ಕೋಟು ಹಾಕಬೇಡಿ.

ದಯವಿಟ್ಟು ಈ ಮಾತು ಮರೆಯಬೇಡಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿ ಕಡ್ಡಿ ಬೇಕಾಗಿಲ್ಲ. ಸೋಗೆ, ಹುಲ್ಲು, ಅಡಿಕೆ ಸಿಪ್ಪೆ ತುಂಬಿದ ನಮ್ಮ ಕೊಟ್ಟಿಗೆಗಳಲ್ಲಿ ಇದು ಮನೆ ಸುಡುವ ಮಾತು. ಬಟ್ಟೆಯನ್ನು ಅಂಗಳದ ತಂತಿಯ ಮೇಲೆ ಬಿಡಿಸಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಅರಗಿನ ಪಾಲಿಶ್ ಹೊಳಪು ಚೆನ್ನಾಗಿರುತ್ತದೆ. ಆದರೆ ತೇವದ ಹವೆಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಕರಾವಳಿಯಲ್ಲಿ ನಾನು ಅದನ್ನು ಬಿಟ್ಟೇ ಬಿಟ್ಟೆ.

ಕೊನೆಗೆ ಜೇನುಮೇಣ. ತುಡುವೆ ಜೇನಿನ ಮೇಣ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುತ್ತದೆ. ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆಯಿಂದ ದೂರ ತಂದು, ಒಂದು ಪಾಲು ಮೇಣಕ್ಕೆ ಮೂರು ಪಾಲು ಟರ್ಪಂಟೈನ್ ಸೇರಿಸಿ. ಆರಿದಾಗ ಬೆಣ್ಣೆಯ ಹದ. ಎಣ್ಣೆ ಪೂರ್ತಿ ಗಟ್ಟಿಯಾಗಲು ಎರಡು ವಾರ ಕೊಟ್ಟು, ತೆಳ್ಳಗೆ ಹಚ್ಚಿ, ಉಣ್ಣೆ ಬಟ್ಟೆಯಿಂದ ತಿಕ್ಕಿ.

ಕಬ್ಬಿಣ

ಲೋಹಕ್ಕೆ ಉಜ್ಜುಕಾಗದ ಮುಟ್ಟಿಸಬೇಡಿ. ನೀಲಿ ಹೋಗಿ ಬೆಳ್ಳಿಯಂತೆ ಹೊಳೆಯುತ್ತದೆ, ವಾರದಲ್ಲಿ ಮತ್ತೆ ತುಕ್ಕು. ಸೊನ್ನೆ ನಾಲ್ಕರ, ಅಂದರೆ 0000 ಸ್ಟೀಲ್ ಉಲ್ಲನ್ನನ್ನು ತೆಳು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ಕೆಂಪು ತುಕ್ಕು ಬರುತ್ತದೆ, ನೀಲಿ ಉಳಿಯುತ್ತದೆ. ಸಣ್ಣ ಭಾಗಗಳಿಗೆ, ಟ್ರಿಗರ್ ಗಾರ್ಡ್‌ನಂಥವಕ್ಕೆ ಇನ್ನೊಂದು ದಾರಿ ಇದೆ. ಎಣ್ಣೆ ಪಸೆ ತೊಳೆದು, ಶುದ್ಧ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ಕೆಂಪು ತುಕ್ಕು ಕಪ್ಪಾಗಿ ಬದಲಾಗುತ್ತದೆ. ಕಪ್ಪು ತುಕ್ಕು ಕಬ್ಬಿಣವನ್ನು ತಿನ್ನುವುದಿಲ್ಲ, ಕಾಯುತ್ತದೆ. ಮೇಲಿನ ಪುಡಿಯನ್ನು ಎಣ್ಣೆ ಇಲ್ಲದ ಉಲ್ಲನ್ನಿನಿಂದ ಒರೆಸಿ, ಎಣ್ಣೆ ಹಚ್ಚಿ. ಮಾವನ ಬಂದೂಕಿನ ಗಾರ್ಡು ಹೀಗೆ ಮೂರು ಸಲ ಕುದಿದು ಮಳೆಗಾಲದ ಮೋಡದ ಬಣ್ಣಕ್ಕೆ ಬಂತು. ತೊಗಲು, ರಬ್ಬರ್, ಸ್ಪ್ರಿಂಗ್ ಇರುವ ಯಾವುದನ್ನೂ ಕುದಿಸಬೇಡಿ.

ನಳಿಗೆಯೊಳಗೆ ಕಬ್ಬಿಣದ ಕಡ್ಡಿ ತೂರಿಸಬೇಡಿ, ಪೆಲೆಟ್ಟನ್ನು ತಿರುಗಿಸುವ ಒಳಗಿನ ಸುರುಳಿ ಗೀರು ಸವೆಯುತ್ತದೆ. ಗಾಳಕ್ಕೆ ಕಟ್ಟುವ ನೈಲಾನ್ ತಂಗೂಸಿಯನ್ನು ಮಡಚಿ ತೂರಿಸಿ, ಮಡಿಕೆಯಲ್ಲಿ ಹತ್ತಿ ಬಟ್ಟೆಯ ಚೂರು ಸಿಕ್ಕಿಸಿ, ಪೆಲೆಟ್ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೆ.

ಒಳಗಿನ ಕೆಲಸ

ಹೊಡೆತದಲ್ಲಿ ಬಲ ಇಲ್ಲದಿದ್ದರೆ ಸ್ಪ್ರಿಂಗ್ ಹೋಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಜಾಸ್ತಿ ಸಲ ಒಣಗಿರುವುದು ತೊಗಲಿನ ವಾಷರ್. ಹಳೇ ಬಂದೂಕಿನ ಪಿಸ್ಟನ್ ತಲೆಯಲ್ಲಿ ತೊಗಲು ಇರುತ್ತದೆ. ನಳಿಗೆ ಮಡಚಿದಾಗ ಕಾಣುವ ಸಣ್ಣ ಗಾಳಿ ತೂತಿಗೆ ತೊಗಲಿಗೆ ಹಾಕುವ ನೀಟ್ಸ್‌ಫುಟ್ ಎಣ್ಣೆ ನಾಲ್ಕೈದು ಹನಿ ಬಿಟ್ಟು, ಬಾಯಿ ಮೇಲಾಗಿ ರಾತ್ರಿ ನಿಲ್ಲಿಸಿ. ಮೊದಲ ಕೆಲವು ಹೊಡೆತಕ್ಕೆ ಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಹೊಲಿಗೆ ಮಿಷನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇಲ್ಲಿಗೆ ಬೇಡ. ಒತ್ತಿದ ಗಾಳಿಯ ಬಿಸಿಗೆ ಅವು ಹೊತ್ತಿ, ಢಂ ಎಂದು ಸಿಡಿದು ಸ್ಪ್ರಿಂಗನ್ನು ಮುರಿಯುತ್ತವೆ. ನಳಿಗೆ ಬುಡದ ವಾಷರ್ ಸವೆದಿದ್ದರೆ ಗಟ್ಟಿ ತೊಗಲಿನಲ್ಲಿ ಚಪ್ಪಲಿ ಹೊಲಿಯುವವರಿಂದ ಕತ್ತರಿಸಿಕೊಳ್ಳಿ. ಜೋಡಿಸಿದ ಮೇಲೆ ಅದರ ಪಕ್ಕ ಟಿಶ್ಯೂ ಕಾಗದದ ಎಳೆ ಇಟ್ಟು ಹೊಡೆಯಿರಿ. ಕಾಗದ ಅಲುಗಿದರೆ ಗಾಳಿ ಸೋರುತ್ತಿದೆ.

ಸ್ಪ್ರಿಂಗ್ ತೆಗೆಯಲೇಬೇಕು ಎಂದಿದ್ದರೆ ಬಡಗಿಯ ಉದ್ದ ಕ್ಲಾಂಪಿನಲ್ಲಿ ಸಿಲಿಂಡರನ್ನು ಹಿಡಿಸಿ, ಹಿಂದಿನ ಟ್ರಿಗರ್ ಭಾಗವನ್ನು ಒತ್ತಿಕೊಂಡೇ ಪಿನ್ನು ತೆಗೆಯಿರಿ, ಆಮೇಲೆ ಕ್ಲಾಂಪನ್ನು ನಿಧಾನ ಸಡಿಲಿಸಿ. ಬರಿ ಕೈಯಲ್ಲಿ ಮಾಡಿದರೆ ಸ್ಪ್ರಿಂಗ್ ಸಿಡಿದು ಮುಖಕ್ಕೆ ಬರುತ್ತದೆ. ಡಯಾನಾ 27ರ ಟ್ರಿಗರ್‌ನಲ್ಲಿ ಮೂರು ಸಣ್ಣ ಉಕ್ಕಿನ ಗುಂಡುಗಳಿವೆ. ಬಿಚ್ಚುವಾಗ ಉದುರುತ್ತವೆ. ಕೆಳಗೆ ಬಿಳಿ ಪಂಚೆ ಹಾಸಿಕೊಳ್ಳಿ. ಜೋಡಿಸುವಾಗ ಗ್ರೀಸಿನಲ್ಲಿ ಅಂಟಿಸಿದರೆ ಜಾಗದಲ್ಲಿ ನಿಲ್ಲುತ್ತವೆ. ಸ್ಪ್ರಿಂಗಿಗೂ ಪಿಸ್ಟನ್ ಬದಿಗೂ ಮಾಲಿಬ್ಡಿನಮ್ ಗ್ರೀಸ್ ತೆಳ್ಳಗೆ ಸವರಿ, ತೊಗಲಿನ ಮುಂದೆ ಹೋಗಬಾರದು. ಕ್ಲಾಂಪ್ ಇಲ್ಲ, ಧೈರ್ಯ ಇಲ್ಲ ಎಂದಾದರೆ ಈ ಭಾಗವನ್ನು ಬಿಟ್ಟುಬಿಡಿ. ಮರ, ವಾಷರ್ ಸರಿಯಾದರೆ ಎಷ್ಟೋ ಬಂದೂಕು ಅಷ್ಟಕ್ಕೇ ಚೆನ್ನಾಗಿ ಹೊಡೆಯುತ್ತವೆ.

ಮಳೆಗಾಲಕ್ಕೆ ಇಡುವುದು

ಜೋಡಿಸುವ ಮೊದಲು ಸಿಲಿಂಡರಿನ ಕೆಳಭಾಗಕ್ಕೆ, ಅಂದರೆ ಮರದೊಳಗೆ ಅಡಗುವ ಭಾಗಕ್ಕೆ, ಅದೇ ಜೇನುಮೇಣವನ್ನು ತೆಳ್ಳಗೆ ಹಚ್ಚಿ. ಎಣ್ಣೆ ಹಚ್ಚಿದರೆ ಮರ ಕುಡಿಯುತ್ತದೆ, ಮೇಣ ಅಲ್ಲೇ ನಿಲ್ಲುತ್ತದೆ. ಸ್ಕ್ರೂಗಳನ್ನು ಬಿಗಿ ಮಾಡಿ, ಹತ್ತು ಹೊಡೆತ ಹೊಡೆದು ಮತ್ತೆ ನೋಡಿ. ಸಡಿಲ ಸ್ಕ್ರೂ ಮರವನ್ನು ಸೀಳುತ್ತದೆ.

ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ಬೇಡ. ಹಳೇ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಗೋಡೆಗೆ ತಾಗದಂತೆ ನೆಲದಿಂದ ಎತ್ತರದಲ್ಲಿ ಇಡಿ. ಅಡ್ಡ ಮಲಗಿಸಿ, ಅಥವಾ ಬಾಯಿ ಕೆಳಗಾಗಿ ನಿಲ್ಲಿಸಿ. ಬಾಯಿ ಮೇಲಾದರೆ ಎಣ್ಣೆ ಇಳಿದು ಕುತ್ತಿಗೆಯ ಮರಕ್ಕೆ ಸೇರುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಇರಲಿ, ಕಾಕ್ ಮಾಡಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಹದಿನೈದು ದಿನಕ್ಕೊಮ್ಮೆ ಬಿಸಿ ಮಾಡಿ ಒಣಗಿಸಿ, ಇಲ್ಲದಿದ್ದರೆ ಅದೇ ತೇವದ ಗಂಟು.

ಜುಲೈ, ಆಗಸ್ಟಿನಲ್ಲಿ ತಿಂಗಳಿಗೆರಡು ಸಲ ಹೊರಗೆ ತೆಗೆಯಿರಿ. ಲೋಹವನ್ನು ಬೆರಳಿನಿಂದ ಮುಟ್ಟಿದ ಕಡೆಯೆಲ್ಲ ಎಣ್ಣೆ ಬಟ್ಟೆ ಆಡಿಸಿ, ಬೆವರಿನ ಉಪ್ಪೂ ಕಡಲಿನ ಉಪ್ಪಿನಷ್ಟೇ ಕೆಟ್ಟದ್ದು. ಮರದ ಮೇಲೆ ಬೆಳ್ಳಗೆ ಬೂಸಲು ಕಂಡರೆ ಟರ್ಪಂಟೈನ್ ಬಟ್ಟೆಯಿಂದ ಒರೆಸಿ, ಒಲೆಯ ಬಿಸಿ ತಾಗುವ ಕೋಣೆಯಲ್ಲಿ ಒಂದು ದಿನ ಇಟ್ಟು, ಮೇಣ ಹಚ್ಚಿ. ಮಾವನ ಬಂದೂಕು ಈಗ ನನ್ನ ಹತ್ತಿರ ಎರಡು ಮಳೆಗಾಲ ಕಳೆದಿದೆ. ಅಕ್ಟೋಬರಿನಲ್ಲಿ ಸ್ಕ್ರೂ ಬಿಚ್ಚಿ ಕೆಳಗೆ ನೋಡಿದೆ, ಮೇಣ ಹಾಗೇ ಇತ್ತು.